ನಮ್ಮನೆಯವರು ಕೊಟ್ಟ ವರ್ಗ-ಬಡ್ತಿ

ನಮ್ಮನೆಯವರು ಒಬ್ಬ ಯೋಧನಿಗೆ ಮತ್ತು ಒಬ್ಬ ಮಾಂತ್ರಿಕನಿಗೆ ಬಡ್ತಿ ಕೊಟ್ಟಿದ್ದಾರೆ. ಹಾಗೆಂದು ಅವರು ಸರ್ಕಾರದಲ್ಲಿ ಯಾವುದೋ ದೊಡ್ಡ ಅಧಿಕಾರಿ ಎಂದುಕೊಂಡೀರಿ! ಮಾಚೇನಹಳ್ಳಿಯಲ್ಲಿ ಲೇತ್ ಮಿಷನ್ನು ಇಟ್ಟುಕೊಂಡು ಬುಷ್ಷು, ಪಿನ್ನು ಕಡೆದುಕೊಡುವ ಸಣ್ಣ ವರ್ಕ್‌ಶಾಪಿನ ಮಾಲೀಕರು ಅವರು. ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೇಳಬಾರದೆಂಬ ಸಂಪ್ರದಾಯಕ್ಕಲ್ಲ, ಹೆಸರು ಗೊತ್ತಾದರೆ ಇರುವ ಗಿರಾಕಿಗಳೂ ಓಡಿಹೋದಾರು ಎಂಬ ಭಯಕ್ಕೆ.

ಮೂಲ ಅಪರಾಧಿ ನಮ್ಮ ಮಗಳು. ಹಾಸ್ಟೆಲಿನಿಂದ ರಜೆಗೆ ಬಂದವಳು ಒಂದು ಆಟವನ್ನು ಹೊತ್ತು ತಂದಳು. ರಜೆ ಮುಗಿದು ಅವಳು ವಾಪಸು ಹೋದಳು, ಆಟದ ಹುಚ್ಚು ಅಪ್ಪನ ತಲೆಯಲ್ಲಿ ಉಳಿಯಿತು. ಆಟವೇನೋ ಸರಳವೇ. ಒಬ್ಬರು ಕತೆ ಹೇಳುತ್ತಾ ಹೋಗುವುದು, ಉಳಿದವರು ಆ ಕತೆಯೊಳಗೆ ಒಂದೊಂದು ಪಾತ್ರವಾಗಿ ಮಾತಾಡುವುದು. ಪಾತ್ರಕ್ಕೊಂದು ಕಾಯಿ, ಟೀಪಾಯಿಯ ಮೇಲೆ ನಡೆಸುವುದಕ್ಕೆ. ಕಾಡು ಬರುತ್ತದೆ, ಗುಹೆ ಬರುತ್ತದೆ, ರಾಕ್ಷಸ ಬರುತ್ತಾನೆ. ಹೊಡೆದ ಏಟು ರಾಕ್ಷಸನಿಗೆ ಬಿತ್ತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಒಂದಷ್ಟು ರಾಕ್ಷಸರನ್ನು ಮುಗಿಸಿದರೆ ನಿಮ್ಮ ಪಾತ್ರಕ್ಕೆ ಬಡ್ತಿ. ತಾಳಮದ್ದಳೆಗೆ ದಾಳ ಸೇರಿಸಿದರೆ ಏನಾಗುತ್ತದೋ ಅದು ಅಂದುಕೊಳ್ಳಿ!

ಭದ್ರಾವತಿಯ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಊಟವಾದ ಮೇಲೆ ಸಭೆ. ಕತೆ ಹೇಳುವವರು ನಮ್ಮನೆಯವರು. ಯೋಧ, ಅವರ ಐಟಿಐ ಕಾಲದ ಗೆಳೆಯ ಇಮ್ತಿಯಾಜ್ ಭಾಯಿ; ಶಿವಮೊಗ್ಗದ ರಾಗಿಗುಡ್ಡದ ಹತ್ತಿರ ಅವರದೊಂದು ಗ್ಯಾರೇಜಿದೆ. ಮಾಂತ್ರಿಕ ಯಾರು ಗೊತ್ತೇ? ನಮ್ಮ ಅತ್ತೆ! ಹಣೆತುಂಬ ವಿಭೂತಿ ಧರಿಸಿ ಕೂತರೆ ರಾಕ್ಷಸನೇ ಒಮ್ಮೆ ಕೈಮುಗಿಯಬೇಕು. ಇನ್ನು ನಾನು ವೈದ್ಯೆ. ಯಾರಿಗೆ ಗಾಯವಾದರೂ ಪಟ್ಟಿ ಕಟ್ಟುವವಳು.

"ವಾರವಿಡೀ ನಿಮ್ಮ ಚಾಕರಿ ಮಾಡಿದ್ದು ಸಾಲ್ದಾ? ಆಟದಲ್ಲೂ ನಾನೇನಾ?" ಎಂದು ಕೇಳಿದೆ.

"ಅನುಭವ ಇದೆಯಲ್ಲ ಮಾರಾಯ್ತಿ," ಎಂದರು.

ಅದರ ಮೇಲೊಂದು ನಿಯಮ. ವೈದ್ಯೆ ಉಳಿದವರ ಪಕ್ಕ ಬಿಟ್ಟು ಕದಲುವಂತಿಲ್ಲ. ಕದಲಿದರೆ ಯಾರ ಗಾಯವೂ ವಾಸಿಯಾಗುವುದಿಲ್ಲ. ಹಾಗಾಗಿ ನನ್ನ ಕಾಯಿ ಯಾವಾಗಲೂ ಅವರೆಲ್ಲರ ನಡುವೆ, ಅಡುಗೆಮನೆಯಲ್ಲಿ ನಿಂತ ಹಾಗೇ ನಿಂತಿರುತ್ತಿತ್ತು.

ಮಗಳು ತಂದಿದ್ದ ಪ್ಲಾಸ್ಟಿಕ್ ದಾಳ ಇವರಿಗೆ ಹಿಡಿಸಲಿಲ್ಲ. "ತೂಕಾನೇ ಇಲ್ಲ, ಇದ್ರಿಂದ ನ್ಯಾಯ ಸಿಗಲ್ಲ," ಎಂದು ವರ್ಕ್‌ಶಾಪಿನಲ್ಲಿ ಹಿತ್ತಾಳೆಯದೊಂದನ್ನು ಮಾಡಿ ತಂದರು. ಇಪ್ಪತ್ತು ಮುಖ, ದೊಡ್ಡ ನಿಂಬೆಹಣ್ಣಿನ ಗಾತ್ರ. ಮೊದಲ ಸಲ ಉರುಳಿಸಿದ ಕೂಡಲೇ ಅದು ಟೀಪಾಯಿಯ ಗಾಜು ಸೀಳಿ, ಅಲ್ಲಿಂದ ನೆಗೆದು, ಇಮ್ತಿಯಾಜ್ ಭಾಯಿಯ ಕಾಲಿನ ಹೆಬ್ಬೆರಳ ಮೇಲೆ ಕೂತಿತು. ಅವರು "ಯಾ ಅಲ್ಲಾ!" ಎಂದು ಚೀರಿದರೆ ಇವರು ಬಗ್ಗಿ ದಾಳ ನೋಡಿ, "ಹತ್ತೊಂಬತ್ತು! ಏಟು ಬಿತ್ತು!" ಎಂದು ಕುಣಿದರು.

"ಬಿದ್ದಿದ್ದು ನಂಗೆ ಕಣೋ!" ಎಂದರು ಭಾಯಿ.

ಕಾಯಿಗಳನ್ನೂ ಹಿತ್ತಾಳೆಯಲ್ಲೇ ಕಡೆದರು. ಅತ್ತೆಯ ಮಾಂತ್ರಿಕ ಎಷ್ಟು ಗಟ್ಟಿಮುಟ್ಟಾಗಿದ್ದನೆಂದರೆ, ವಾರದ ಉಳಿದ ದಿನಗಳಲ್ಲಿ ಅತ್ತೆ ಅವನಿಂದ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದರು.

ಇದೆಲ್ಲ ನಡೆಯುತ್ತಿದ್ದ ಕಾಲಕ್ಕೇ ನನ್ನದೂ ಒಂದು ಬಡ್ತಿಯ ಕತೆ ನಡೆಯುತ್ತಿತ್ತು. ನಾನು ಬ್ಯಾಂಕಿನಲ್ಲಿ ಗುಮಾಸ್ತೆ. ನಮ್ಮಲ್ಲಿ ಗುಮಾಸ್ತರಿಗೆ ಆಫೀಸರ್ ಬಡ್ತಿ ಎಂದರೆ ಊರು ಬಿಡುವುದು ಎಂದೇ ಅರ್ಥ. ಜಗತ್ತಿನಲ್ಲಿ ಎಲ್ಲರೂ ಬಡ್ತಿ ಬೇಕು ಎಂದು ಅರ್ಜಿ ಹಾಕಿದರೆ ಬ್ಯಾಂಕಿನವರು ಮಾತ್ರ "ಬಡ್ತಿ ಬೇಡ, ದಯವಿಟ್ಟು ಬಿಟ್ಟುಬಿಡಿ" ಎಂದು ಬರೆದುಕೊಡುತ್ತಾರೆ! ನಾನೂ ಪ್ರತಿ ಸಲ ಹಾಗೇ ಬರೆದುಕೊಟ್ಟವಳು. ಈ ಸಲ ಏನನ್ನಿಸಿತೋ, ಪರೀಕ್ಷೆ ಕಟ್ಟಿದೆ. ಪಾಸೂ ಆಗಿಬಿಟ್ಟೆ. ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಅವಕಾಶ. ತಿಂಗಳ ಕೊನೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು. "ಬೀದರಿಗೆ ಹಾಕ್ತಾರೆ ನೋಡಿ ಮೇಡಂ," ಎಂದು ಸಹೋದ್ಯೋಗಿಗಳು ಹೆದರಿಸಿದರು. ಹೆದರಿಕೆಯಾಯಿತು, ನಿಜ. ಆದರೆ ಒಂದು ಕ್ಯಾಬಿನ್ನು, ಅದರೊಳಗೆ ನನ್ನದೇ ಕುರ್ಚಿ, ನನ್ನ ತೀರ್ಮಾನಕ್ಕೆ ಕಾಯುವ ಜನ. ಇದೆಲ್ಲ ಬೇಕು ಎಂದು ಒಳಗೊಳಗೇ ಆಸೆಯೂ ಆಗುತ್ತಿತ್ತು. ಬೇಡ ಎಂದು ಬರೆದುಕೊಟ್ಟೂ ಕೊಟ್ಟೂ ನನಗೆ ಸಾಕಾಗಿತ್ತು.

ಇವರಿಗೆ ಹೇಳಿದೆ. ತಿಂಡಿ ತಿನ್ನುತ್ತಿದ್ದವರು "ಹೂಂ" ಎಂದರು. ಒಂದು ದೋಸೆ ಮುಗಿಸಿ, "ಯೋಧನಿಗೆ ಬಿಲ್ಲು ಕೊಡ್ಲೋ, ಗದೆ ಕೊಡ್ಲೋ?" ಎಂದು ಕೇಳಿದರು. ಹೆಂಡತಿಯ ಬಡ್ತಿಗೆ ಒಂದು ಹೂಂಕಾರ, ಹಿತ್ತಾಳೆ ಗೊಂಬೆಗಳ ಬಡ್ತಿಗೆ ಇಷ್ಟು ಚಿಂತೆ! ನನ್ನ ಮೈ ಉರಿದುಹೋಯಿತು.

ಆಟದ ರಾಕ್ಷಸರು ಸಾಕಷ್ಟು ಸತ್ತು, ಬಡ್ತಿಯ ಭಾನುವಾರ ಬಂತು. ಇವರು ಗಂಟಲು ಸರಿಮಾಡಿಕೊಂಡು ಘೋಷಿಸಿದರು. ಯೋಧನ ಶಕ್ತಿಗೆ ಐದು ಅಂಕ ಹೆಚ್ಚು. ಮಾಂತ್ರಿಕನಿಗೂ ಐದು. ವೈದ್ಯೆಗೂ ಐದು.

"ಇದೇನೋ ಮಾರಾಯ!" ಇಮ್ತಿಯಾಜ್ ಭಾಯಿ ಎದ್ದು ಕೂತರು. "ಎಲ್ಲರ್ಗೂ ಐದೈದು ಕೊಟ್ರೆ ಅದು ಬಡ್ತಿ ಹೆಂಗಾಗುತ್ತೆ? ತುಟ್ಟಿಭತ್ಯೆ ಅದು!"

ಕಾರ್ಖಾನೆ ನೌಕರನ ಹೆಂಡತಿಯಾಗಿ ಬಾಳಿದ ಅತ್ತೆಗೆ ಇದು ಚೆನ್ನಾಗಿ ಅರ್ಥವಾಯಿತು. "ಹೌದಪ್ಪ. ಬಡ್ತಿ ಅಂದ್ರೆ ಒಬ್ಬನಿಗೆ ಸಿಕ್ಕಿದ್ದು ಇನ್ನೊಬ್ಬನಿಗೆ ಸಿಗಬಾರ್ದು. ಪಕ್ಕದವನಿಗೆ ಹೊಟ್ಟೆ ಉರೀಬೇಕು. ಹೊಟ್ಟೆ ಉರೀದಿದ್ರೆ ಅದೆಂಥ ಬಡ್ತಿ?" ಎಂದರು.

ಈ ಮಾತು ಇವರಿಗೆ ನಾಟಿಬಿಟ್ಟಿತು. ಐದೈದು ಅಂಕ ರದ್ದಾಯಿತು. ಅಂದಿನಿಂದ ಒಬ್ಬೊಬ್ಬರಿಗೂ ಅವರಿಗೇ ಒಪ್ಪುವ, ಬೇರೆ ಯಾರಿಗೂ ಆಗದ ಶಕ್ತಿ ಯಾವುದು ಎಂದು ಹುಡುಕುವುದೇ ಕೆಲಸ. ವರ್ಕ್‌ಶಾಪು ಬಿಟ್ಟು ಅರ್ಧ ದಿನ ಇಮ್ತಿಯಾಜ್ ಭಾಯಿಯ ಗ್ಯಾರೇಜಿನಲ್ಲಿ ಕೂತು ಬಂದರು. ಬಂದವರ ಮುಖ ಬೆಳಗುತ್ತಿತ್ತು.

"ನೋಡೇ, ಗಿರಾಕಿಗಳೆಲ್ಲ ಕೆಂಡಾಮಂಡಲ ಆಗಿ ಬರ್ತಾರೆ. ಇವನು ಕೈ ಒರೆಸ್ಕೊಂತ 'ನಾಳೆ ಬನ್ನಿ ಸಾರ್, ಗಾಡಿ ರೆಡಿ ಇರುತ್ತೆ' ಅಂತಾನೆ. ಅವರು ನಗ್ತಾ ವಾಪಸ್ ಹೋಗ್ತಾರೆ! ಮಾರನೇ ದಿನಾನೂ ಅದೇ!"

ಯೋಧನ ಬಡ್ತಿ ಸಿದ್ಧವಾಯಿತು. ದೆವ್ವ ಒಳಗೆ ಬಾರದಿರಲೆಂದು ಹಿಂದೆ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರಲ್ಲ, ಅದನ್ನೇ ಯೋಧನ ಬಾಯಿಗಿಟ್ಟರು. ಎಂಥ ರಾಕ್ಷಸ ಬಂದರೂ ಯೋಧ "ನಾಳೆ ಬಾ" ಎಂದರೆ ಸಾಕು, ತೆಪ್ಪಗೆ ಹಿಂದಿರುಗುತ್ತಾನೆ. "ಇದು ಹೊಗಳಿಕೆನೋ ಬೈಗುಳನೋ?" ಎಂದು ಭಾಯಿ ನನ್ನನ್ನು ಕೇಳಿದರು. "ಎರಡೂ ಅಂತ ಇಟ್ಕೊಳ್ಳಿ ಭಾಯಿ," ಎಂದೆ.

ಅತ್ತೆಗೆ ಬೆಂಕಿಯ ಮಂತ್ರ ಕೊಡಹೋದರು. "ಗ್ಯಾಸ್ ಹಚ್ಚಕ್ಕೆ ಲೈಟರ್ ಇದೆ, ಬೇಡ," ಎಂದುಬಿಟ್ಟರು ಅತ್ತೆ. ಆಗ ಇವರು ತಾಯಿಯನ್ನು ಒಂದು ವಾರ ಕದ್ದು ಕದ್ದು ಗಮನಿಸಿ ಕೊಟ್ಟ ಶಕ್ತಿ ಯಾವುದು ಗೊತ್ತೇ? ಜಾಣಕಿವುಡು! ಬೇಡದ ಮಾತು ಕಿವಿಗೆ ಬೀಳದ ವಿದ್ಯೆ. ಇದರಲ್ಲಿ ನಮ್ಮ ಅತ್ತೆಯನ್ನು ಮೀರಿಸುವವರು ಜಿಲ್ಲೆಯಲ್ಲಿಲ್ಲ ಎಂದು ಸೊಸೆಯಾದ ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆ ಭಾನುವಾರ ರಾಕ್ಷಸ ಬಂದು ಘೋರವಾದ ಶಾಪ ಕೊಟ್ಟ. ಅತ್ತೆ ಸೆರಗು ಸರಿಮಾಡಿಕೊಂಡು, "ಏನಂದ್ಯಪ್ಪ? ಕೇಳಿಸ್ಲಿಲ್ಲ," ಎಂದರು. ಇನ್ನೊಂದು ಶಾಪ. "ಸ್ವಲ್ಪ ಜೋರಾಗಿ ಹೇಳು." ರಾಕ್ಷಸನ ಗಂಟಲು ಕಟ್ಟಿತು, ಅಂದರೆ ನಮ್ಮನೆಯವರದ್ದು.

ಆಟದ ಹದ ಕೆಟ್ಟಿತು. ಅತ್ತೆಯನ್ನು ಹಿಡಿಯುವವರೇ ಇಲ್ಲ! ಅದಕ್ಕೆ ಇವರು ಹೊಸ ಕಾನೂನು ತಂದರು. ಬಡ್ತಿ ಸಿಕ್ಕರೆ ಅದಕ್ಕೆ ಬದಲಾಗಿ ಏನಾದರೂ ಬಿಡಬೇಕು. "ನಾಳೆ ಬಾ" ಎನ್ನಿಸಿಕೊಂಡು ಹೋದ ರಾಕ್ಷಸ ಮುಂದಿನ ಭಾನುವಾರ ತಮ್ಮನನ್ನೂ ಕರೆದುಕೊಂಡು ಬರುತ್ತಾನೆ. ಜಾಣಕಿವುಡಿಗೆ ಶತ್ರುವಿನ ಶಾಪವೂ ಕೇಳದು, ಮಿತ್ರರ ಮಾತೂ ಕೇಳದು. "ಅಮ್ಮಾ, ಮುಂದೆ ಗುಂಡಿ!" ಎಂದು ಇಮ್ತಿಯಾಜ್ ಭಾಯಿ ಕೂಗಿದರು. "ಮಾಂತ್ರಿಕನಿಗೆ ಕೇಳ್ಸಿಲ್ಲ, ಬಿದ್ದ," ಎಂದರು ಇವರು. ಸಂಜೆ ಮಗ ನಾಲ್ಕು ಸಲ ಕಾಫಿ ಕೇಳಿದ್ದು ಅತ್ತೆಗೆ ಕೇಳಿಸಲಿಲ್ಲ.

ಈ ನಡುವೆ ಇವರಿಗೆ "ಕ್ಲಾಸ್" ಎಂಬ ಮಾತಿಗೆ ಕನ್ನಡ ಬೇಕಾಯಿತು. ಯೋಧ, ಮಾಂತ್ರಿಕ, ವೈದ್ಯೆ, ಇವಕ್ಕೆಲ್ಲ ಸೇರಿಸಿ ಏನನ್ನಬೇಕು? ಮೊದಲು "ಜಾತಿ" ಎಂದರು. "ಆಟಕ್ಕೂ ಜಾತಿ ತರೋದಾದ್ರೆ ನಾನು ಏಳ್ತೀನಿ," ಎಂದರು ಅತ್ತೆ. ಕೊನೆಗೆ "ವರ್ಗ" ಎಂದಾಯಿತು. ವರ್ಗ-ಬಡ್ತಿ! ಈ ಮಾತು ಬ್ಯಾಂಕಿನವಳ ಕಿವಿಗೆ ಹೇಗೆ ಕೇಳುತ್ತದೆ ಎಂದು ಒಬ್ಬರಿಗಾದರೂ ಹೊಳೆಯಬೇಕಲ್ಲ? ನಮಗೆ ವರ್ಗ ಎಂದರೆ ಗಂಟುಮೂಟೆ ಕಟ್ಟುವುದು.

ಪಕ್ಕದ ಮನೆಯಾಕೆಗೂ ಹಾಗೇ ಕೇಳಿಸಿತು. ಇವರು ಕಿಟಕಿಯ ಹತ್ತಿರ ನಿಂತು ಭಾಯಿಗೆ ಫೋನಿನಲ್ಲಿ, "ಎರಡು ವರ್ಗ ಮುಗಿಸಿದೀನಿ ಮಾರಾಯ, ಬಡ್ತೀನೂ ಕೊಟ್ಟಾಯ್ತು. ವೈದ್ಯೆ ವರ್ಗ ಒಂದು ಬಾಕಿ, ಅದೇ ತಲೆನೋವು," ಎಂದು ಕೂಗಿ ಹೇಳುತ್ತಿದ್ದರು. ಮರುದಿನ ಬೆಳಿಗ್ಗೆಯೇ ಆಕೆ ಒಂದು ಡಬ್ಬಿ ಚಕ್ಕುಲಿ ಹಿಡಿದು ಹಾಜರ್!

"ಅಣ್ಣಾ, ನಿಮ್ಮ ಕೈ ಇಷ್ಟು ಉದ್ದ ಇದೆ ಅಂತ ಗೊತ್ತೇ ಇರ್ಲಿಲ್ಲ. ನಮ್ಮ ಅಳಿಯಂದೂ ಒಂದು ವರ್ಗ ಮಾಡಿಸ್ಕೊಡಿ."

ಇವರು ಗಂಭೀರವಾಗಿ ಕೇಳಿದರು: "ಅಳಿಯಂದ್ರು ಯೋಧರಾ?"

"ಅಯ್ಯೋ ಅಲ್ಲಣ್ಣ, ಹೈಸ್ಕೂಲ್ ಮೇಷ್ಟ್ರು."

"ಮೇಷ್ಟ್ರು..." ಇವರು ಗಡ್ಡ ಕೆರೆದುಕೊಂಡರು. "ಆ ವರ್ಗಕ್ಕೆ ಇನ್ನೂ ಕೈ ಹಾಕಿಲ್ಲ. ಮೇಷ್ಟ್ರಿಗೆ ಮಾಟ-ಮಂತ್ರ ಏನಾದ್ರೂ ಬರುತ್ತಾ?"

ಆಕೆ ಬಂದ ಹಾಗೇ ಹಿಂದೆ ಹೆಜ್ಜೆ ಇಟ್ಟರು. ಚಕ್ಕುಲಿ ಮಾತ್ರ ನಮ್ಮಲ್ಲೇ ಉಳಿಯಿತು. ಚೆನ್ನಾಗಿತ್ತು.

ಬಾಕಿ ಉಳಿದವಳು ವೈದ್ಯೆ. ಈ ಭಾನುವಾರ, ಮುಂದಿನ ಭಾನುವಾರ ಎಂದು ದೂಡುತ್ತಲೇ ಹೋದರು. "ವೈದ್ಯೇದು ಕಷ್ಟ ಕಣೆ," ಎನ್ನುವುದು, ನನ್ನ ಕಾಯಿಯನ್ನು ಎತ್ತಿ ನೋಡುವುದು, ಮತ್ತೆ ಅಲ್ಲೇ ಇಡುವುದು. ತಿಂಗಳ ಕೊನೆಯ ಭಾನುವಾರವೂ ಬಂತು. ಮರುದಿನ ಬ್ಯಾಂಕಿಗೆ ಉತ್ತರ ಕೊಡಬೇಕು. ಇವರು ಅವತ್ತೂ "ಹೊಸ ಗುಹೆ ಶುರುಮಾಡೋಣ" ಎಂದಾಗ ನನಗೆ ತಡೆಯಲಾಗಲಿಲ್ಲ.

"ರೀ, ಎಲ್ಲರ್ದೂ ಆಯ್ತು, ನಂದೇನು? ಆಟದ ಬಡ್ತೀನೂ ಇಲ್ಲ, ಬ್ಯಾಂಕಿನ ಬಡ್ತಿ ಬಗ್ಗೆ ಒಂದು ಮಾತೂ ಇಲ್ಲ. ನಾಳೆ ನಾನು ಏನು ಬರೆದುಕೊಡ್ಲಿ? ಹೋಗು ಅಂತೀರೋ, ಬೇಡ ಅಂತೀರೋ? ಬಾಯಿ ಬಿಟ್ಟು ಹೇಳಿ!"

ಇಮ್ತಿಯಾಜ್ ಭಾಯಿ ಚಹಾದ ಲೋಟ ಕೆಳಗಿಟ್ಟರು. ಇವರು ತಲೆ ತಗ್ಗಿಸಿಯೇ ಅಂದರು:

"ಎಷ್ಟೋ ಸಲ ಯೋಚನೆ ಮಾಡ್ದೆ ಕಣೆ. ಹೆಂಗೆ ಮಾಡಿದ್ರೂ ಒಂದೇ ಬರುತ್ತೆ. ವೈದ್ಯೆಗೆ ಬಡ್ತಿ ಅಂದ್ರೆ ಅವಳು ನಮ್ಮ ಪಕ್ಕದಿಂದ ಕದಲಬೋದು. ಒಬ್ಬಳೇ ಎಲ್ಲಿಗೆ ಬೇಕಾದ್ರೂ ಹೋಗ್ಬೋದು. ಬೇರೆ ಏನು ಕೊಟ್ರೂ ಅದು ಬಡ್ತಿ ಆಗಲ್ಲ."

"ಮತ್ತೆ ಕೊಡಕ್ಕೇನು ಕಷ್ಟ?"

"ನಿಂಗೆ ಬಡ್ತಿ ಕೊಟ್ರೆ ಬಿಡಬೇಕಾಗಿರೋದು ನಾನು," ಎಂದರು. "ನಂಗೆ ಆಗ್ತಿಲ್ಲ."

ಮದುವೆಯಾದಂದಿನಿಂದ ಈ ಮನುಷ್ಯ ನನ್ನೆದುರು ಇಂಥ ಮಾತು ಆಡಿದ್ದಿಲ್ಲ. ಅದೂ ತಾಯಿಯ ಮುಂದೆ, ಗೆಳೆಯನ ಮುಂದೆ! ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಬೇಡ ಬಿಡಿ, ಎಲ್ಲೂ ಹೋಗಲ್ಲ ಎನ್ನುವುದಕ್ಕೆ ಬಾಯಿ ತೆರೆದೇಬಿಟ್ಟಿದ್ದೆ. ಅಷ್ಟರಲ್ಲಿ ಅತ್ತೆ ಅಂದರು:

"ಕೊಡೋ ಅವಳಿಗೆ. ಗಾಯ ಆದ್ರೆ ಕಟ್ಕೊಳಕ್ಕೆ ನಮಗೇನು ಕೈ ಇಲ್ವಾ?"

ಇವರು ನನ್ನ ಕಾಯಿಯನ್ನು ಎತ್ತಿಕೊಂಡರು. ಯೋಧನನ್ನು ದಾಟಿಸಿ, ಮಾಂತ್ರಿಕನನ್ನು ದಾಟಿಸಿ, ಟೀಪಾಯಿಯ ಆಚೆ ಅಂಚಿಗೆ, ಯಾರೂ ಇಲ್ಲದ ಕಡೆ ಇಟ್ಟರು. ಕಾಯಿ ಇಟ್ಟರು, ಕೈ ಮಾತ್ರ ತೆಗೆಯಲಿಲ್ಲ. ಕೊನೆಗೆ ಆ ಗ್ರೀಸು ಹತ್ತಿದ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ. ಸೋಮವಾರ ಬ್ಯಾಂಕಿಗೆ ಹೋಗಿ ಒಪ್ಪಿಗೆ ಬರೆದುಕೊಟ್ಟೆ.