ಪದಮೋಡವೂ ನನ್ನ ಮೀನಿನ ಟಾಂಕಿಯೂ

ನಾನು ಸಂಶಯದ ಮನುಷ್ಯ. ಕುಂಬಳೆಯ ಬಸ್ಸು ಸರಿಯಾದ ಹೊತ್ತಿಗೆ ಬಂದರೆ, ಇದು ಹಿಂದಿನ ಟ್ರಿಪ್ಪಿನದ್ದು, ತಡವಾಗಿ ಬಂದಿದೆ ಎಂದುಕೊಳ್ಳುತ್ತೇನೆ. ಡಾಕ್ಟರು "ನಿಮಗೆ ಎಂತದೂ ಇಲ್ಲ" ಎಂದರೆ, ಇವರು ಸರಿಯಾಗಿ ನೋಡಲಿಲ್ಲ ಎಂದು ಇನ್ನೊಬ್ಬರ ಹತ್ತಿರ ಹೋಗುತ್ತೇನೆ. ಹತ್ತನೇ ಕ್ಲಾಸಿನಲ್ಲಿ ಪಾಸಾದೆನೆಂದು ತಿಳಿದಾಗಲೂ ನನ್ನ ಹೆಸರಿನ ಇನ್ನೊಬ್ಬ ಇದ್ದಾನೋ ಎಂದು ವಿಚಾರಿಸಿದವನು ನಾನು. ಇದೊಂದು ಗುಣವೆಂದು ಮೊನ್ನೆ ಮೊನ್ನೆಯವರೆಗೆ ನಂಬಿದ್ದೆ. ಈಗ ತಪ್ಪೊಪ್ಪಿಕೊಳ್ಳಲು ಕುಳಿತಿದ್ದೇನೆ.

ನನ್ನ ಮೊಮ್ಮಗಳು ಹರ್ಷಿತಾ ನಮ್ಮೂರ ಹೈಸ್ಕೂಲಿನ ಕನ್ನಡ ಡಿವಿಜನ್ನಿನಲ್ಲಿ ಎಂಟನೆಯ ತರಗತಿ. ಈ ವರ್ಷ ಅವರಿಗೆ ವಿಜ್ಞಾನಕ್ಕೆ ಹೊಸ ಟೀಚರು ಬಂದಿದ್ದಾರೆ, ಕೊಲ್ಲಂ ಕಡೆಯವರು, ಮನೆಮಾತು ಮಲಯಾಳ. ಪಾಠ ಶುರು ಮಾಡುವ ಮೊದಲು ಅವರು ಒಂದು ಪ್ರಶ್ನೆ ಕೇಳುತ್ತಾರಂತೆ. ಮಕ್ಕಳು ಒಂದೊಂದು ಚೀಟಿಯಲ್ಲಿ ಒಂದೊಂದು ಪದ ಬರೆದು ಕೊಡಬೇಕು. ಟೀಚರು ಅದನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿದರೆ ಪದಗಳೆಲ್ಲ ಗುಂಪುಗೂಡಿ ಗೋಡೆಯ ಮೇಲೆ ಮೂಡುತ್ತವೆ. ಹೆಚ್ಚು ಮಂದಿ ಬರೆದದ್ದು ದೊಡ್ಡ ಅಕ್ಷರದಲ್ಲಿ, ಒಬ್ಬರೇ ಬರೆದದ್ದು ಇರುವೆಯಷ್ಟು. ಇದಕ್ಕೆ ಪದಮೋಡ ಎಂದು ಹೆಸರು.

ನನಗೆ ಕೂಡಲೇ ಮೋಸದ ವಾಸನೆ ಬಡಿಯಿತು. ಪಾಠ ಮಾಡಬೇಕಾದವರು ಟೀಚರು, ಪದ ಕೊಡುವವರು ಮಕ್ಕಳು! ಕನ್ನಡ ಬಾರದ್ದನ್ನು ಮುಚ್ಚಿಕೊಳ್ಳಲು ಈ ಉಪಾಯ ಎಂದು ತೀರ್ಮಾನಿಸಿದೆ. ಕನ್ನಡ ಮಕ್ಕಳಿಗೆ ಕನ್ನಡ ಗೊತ್ತಿಲ್ಲದ ಅಧ್ಯಾಪಕರು ಬರುವುದು ಮಲಯಾಳ ನಾಡಿಗೆ ಸೇರಿಹೋದ ನಮ್ಮ ಕಡೆ ಹಳೆಯ ನೋವು, ಸುಳ್ಳು ನೋವಲ್ಲ. ಆ ನಿಜವಾದ ನೋವನ್ನು ನನ್ನ ಸಂಶಯಕ್ಕೆ ಊರುಗೋಲು ಮಾಡಿಕೊಂಡೆನಲ್ಲ, ಅದು ನನ್ನ ಅಪರಾಧ. ಶಾಲೆಯಲ್ಲಿ ಮಕ್ಕಳ ರಕ್ಷಕರ ಸಭೆಯಲ್ಲಿ ಎದ್ದು ನಿಂತು, "ಇವರು ಪಾಠ ಮಾಡುವುದಲ್ಲ, ಮಕ್ಕಳಿಂದ ಪಾಠ ಹೇಳಿಸಿಕೊಳ್ಳುವುದು" ಎಂದೆ. ಚಪ್ಪಾಳೆ ಬಿತ್ತು. ಚಪ್ಪಾಳೆಯ ಮೇಲೆ ಮಾತ್ರ ನನಗೆ ಸಂಶಯ ಬರಲಿಲ್ಲ.

ಪಕ್ಕದಲ್ಲಿದ್ದ ಜೀನಸು ಅಂಗಡಿಯ ಮೊಯ್ದು ನನ್ನ ಅಂಗಿ ಎಳೆದ. "ಐತಪ್ಪಣ್ಣ, ನೀವು ಕ್ಲಾಸು ನೋಡಿದ್ದುಂಟಾ?"

"ನೋಡಲಿಕ್ಕೆ ಎಂತ ಉಂಟು ಮಾರಾಯ? ಗೊತ್ತಾಗುವುದಿಲ್ವಾ?"

ಟೀಚರು ಎದ್ದರು. "ನನಗೆ ಕನ್ನಡ ಕಮ್ಮಿ ಉಂಟು, ಅಜ್ಜ. ಕ್ಲಾಸಿಗೆ ಬನ್ನಿ, ಕೂತು ನೋಡಿ. ಆಮೇಲೆ ಹೇಳಿ." ಹೆಡ್‌ಮಾಸ್ಟ್ರು ಅದನ್ನೇ ಹಿಡಿದುಕೊಂಡರು. ನಾನು ನೋಡಿ ಬಂದು ಬೇಡವೆಂದರೆ ಟೀಚರನ್ನು ಮಲಯಾಳ ಡಿವಿಜನ್ನಿಗೆ ಕಳಿಸುವುದು, ಸರಿಯೆಂದರೆ ಇಲ್ಲಿಯೇ ಇರುವುದು ಎಂದು ತೀರ್ಮಾನವಾಯಿತು. ಆವತ್ತು ಮನೆಯಲ್ಲಿ ಹರ್ಷಿತಾ ನನ್ನೊಡನೆ ಮಾತು ಬಿಟ್ಟಳು. ಆ ಟೀಚರೆಂದರೆ ಅವಳಿಗೆ ಪ್ರಾಣ.

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಆ ದಿನದ ಪ್ರಶ್ನೆ: ನಮ್ಮೂರಲ್ಲಿ ಸೊಳ್ಳೆ ಎಲ್ಲಿ ಹುಟ್ಟುತ್ತದೆ? ಚೀಟಿಗಳು ಹೋದವು, ಗೋಡೆ ಬೆಳಗಿತು. ಚರಂಡಿ, ಟಯರು, ತೆಂಗಿನ ಗೆರಟೆ, ಹೂಕುಂಡ, ಮೂಲೆಯಲ್ಲಿ ನನ್ನ ಕಣ್ಣಿಗೆ ಓದಲಾಗದ ಒಂದು ಸಣ್ಣ ಪದ. ಇವೆಲ್ಲದರ ನಡುವೆ ಕೆಂಪು ಬಣ್ಣದಲ್ಲಿ, ಮದುವೆ ಬ್ಯಾನರಿನಷ್ಟು ದೊಡ್ಡದಾಗಿ: ಮೀನುಟಾಂಕಿ!

ಊರಲ್ಲಿ ಮೀನಿನ ಟಾಂಕಿ ಇರುವುದು ಒಂದೇ, ಬಸ್‌ಸ್ಟಾಪಿನ ಪಕ್ಕ, ನನ್ನ ಅಂಗಳದಲ್ಲಿ. ಮೀನು ಸಾಕಿ ಸಾಹುಕಾರನಾಗುತ್ತೇನೆಂದು ಹೊರಟು, ಮೀನು ಸಾಯತೊಡಗಿದ ಮೇಲೆ ನಾನು ಅತ್ತ ತಿರುಗಿ ನೋಡಿರಲಿಲ್ಲ. ಮಕ್ಕಳೆಲ್ಲ ಒಟ್ಟಿಗೆ ಹಿಂದಿನ ಬೆಂಚಿನತ್ತ ತಿರುಗಿದರು. ಹರ್ಷಿತಾ ಮಾತ್ರ ತಿರುಗಲಿಲ್ಲ.

ನಾನು ಎದ್ದೆ. "ಟೀಚರೇ, ದೊಡ್ಡದಾಗಿ ಕಂಡದ್ದೆಲ್ಲ ಸತ್ಯ ಅಂತ ಉಂಟಾ? ತುಂಬ ಜನ ಹೇಳಿದರೆ ಆಯಿತಾ?"

ಟೀಚರ ಮುಖ ಅರಳಿತು. "ಅದೇ ಅಜ್ಜ! ಇದು ಮಕ್ಕಳು ಗ್ರಹಿಸಿದ್ದು ಮಾತ್ರ. ನಿಜವಾ ಅಂತ ಹೋಗಿ ನೋಡುವ."

ಹೀಗೆ ಇಡೀ ತರಗತಿ ಬಿಳಿ ಬೇಸಿನ್ನು, ಸೌಟು ಹಿಡಿದು ನನ್ನ ಮನೆಗೆ ಮೆರವಣಿಗೆ ಹೊರಟಿತು. ಟಾಂಕಿಯ ನೀರು ಬೇಸಿನ್ನಿಗೆ ಬಿತ್ತು. ತಲೆಗಳೆಲ್ಲ ಬಗ್ಗಿದವು. ಒಂದೇ ಒಂದು ಹುಳ ಇಲ್ಲ! ನಾನು ಸತ್ತವೆಂದು ಬಿಟ್ಟಿದ್ದ ಮೀನುಗಳಲ್ಲಿ ಕೆಲವು ಬದುಕಿದ್ದವು. ಸೊಳ್ಳೆಯ ಮರಿಗಳನ್ನು ತಿಂದು ಅವು ಕೊಬ್ಬಿದ್ದವು. ನನಗೆ ಆದ ಸಂತೋಷ ಹೇಳತೀರದು. ಪದಮೋಡ ಸುಳ್ಳು ಹೇಳಿತಲ್ಲ! ಮುಂದಿನ ಸಭೆಯಲ್ಲಿ ಹೇಗೆ ಕೆಮ್ಮಿ ಮಾತು ಶುರು ಮಾಡಬೇಕೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡತೊಡಗಿದೆ.

"ದೊಡ್ಡ ಪದ ತಪ್ಪು ಅಂತ ಆಯಿತು" ಎಂದರು ಟೀಚರು. "ಎಲ್ಲಕ್ಕಿಂತ ಸಣ್ಣದು ಒಂದಿತ್ತಲ್ಲ, ಫ್ರಿಜ್ಜು. ಅದು ಯಾರದ್ದು?"

ಹರ್ಷಿತಾ ಕೈ ಎತ್ತಿದಳು. "ನನ್ನದ್ದು ಟೀಚರ್. ನಮ್ಮನೆ ಫ್ರಿಜ್ಜಿನ ಹಿಂದೆ. ಅಜ್ಜ ಮುಟ್ಟಲಿಕ್ಕೆ ಬಿಡುವುದಿಲ್ಲ."

ಬಿಡುವುದಿಲ್ಲ, ನಿಜ. ಒಮ್ಮೆ ರಿಪೇರಿಗೆ ಬಂದವನು ಒಳ್ಳೆಯ ಭಾಗ ಬಿಚ್ಚಿಕೊಂಡು ಹಳತನ್ನು ಹಾಕಿದನೆಂಬ ಸಂಶಯದಿಂದ, ಆ ಫ್ರಿಜ್ಜನ್ನು ಯಾರೂ ಎಳೆಯಬಾರದೆಂದು ಕಟ್ಟಪ್ಪಣೆ ಮಾಡಿದ್ದೆ. ನನ್ನ ಹೆಂಡತಿ ದೇವಕಿ ಕಾಯುತ್ತಿದ್ದವಳಂತೆ, "ಎಳೆಯಿರಿ ಮಕ್ಕಳೇ, ನಾನೂ ಹಿಡಿಯುತ್ತೇನೆ" ಎಂದಳು. ಹಿಂಬದಿಯಲ್ಲಿ ನೀರು ಬೀಳುವ ತಟ್ಟೆಯನ್ನು ತೆಗೆದು ಬೇಸಿನ್ನಿಗೆ ಸುರಿದದ್ದೇ ತಡ, ಬಿಳಿ ಬೇಸಿನ್ನು ಕಪ್ಪಾಗಿ ಕುಣಿಯತೊಡಗಿತು. ಮಳೆಗಾಲದಲ್ಲಿ ದೇವಕಿ ಜ್ವರದಲ್ಲಿ ಮಲಗಿದ್ದಾಗ ಅಕ್ಕಪಕ್ಕದ ಚರಂಡಿಗಳಿಗೆಲ್ಲ ಬೈದು ಬಂದವನು ನಾನು. ಟೀಚರು ನಗಲಿಲ್ಲ. ದೇವಕಿ ಕೊಟ್ಟ ಚಾ ಕುಡಿದು, ಹರ್ಷಿತಾಳ ಬೆನ್ನು ತಟ್ಟಿ, ಮಕ್ಕಳನ್ನು ಕರೆದುಕೊಂಡು ಹೋದರು.

ಮುಂದಿನ ಸಭೆಯಲ್ಲಿ, "ಟೀಚರು ಇಲ್ಲಿಯೇ ಇರಲಿ. ಕ್ಲಾಸು ಒಳ್ಳೆಯದುಂಟು" ಎಂದಷ್ಟೇ ಹೇಳಿ ಕುಳಿತೆ. ಹಿಂದಿನಿಂದ ಯಾರೋ ಹೇಳಿದರು: "ಟೀಚರು ಇವರ ಮನೆಗೆ ಹೋಗಿ ಚಾ ಕುಡಿದದ್ದಂತೆ. ಒಳಗೆ ಎಂತ ಮಾತಾಯಿತೋ!" ಸಭೆ ಗುಜುಗುಜು ಎಂದಿತು. ಹೆಡ್‌ಮಾಸ್ಟ್ರು, "ಹಾಗಾದರೆ ಬೇರೆಯವರನ್ನು ಕಳಿಸಿ ನೋಡುವುದಾ? ಅಲ್ಲಿಯವರೆಗೆ ಟೀಚರು ಮಲಯಾಳ ಡಿವಿಜನ್ನಿಗೆ..." ಎಂದು ರಾಗ ಎಳೆದರು. ಟೀಚರು ತಲೆ ತಗ್ಗಿಸಿದರು. ಫ್ರಿಜ್ಜಿನ ಬಗ್ಗೆ ಒಂದು ಮಾತು ಆಡಿದ್ದರೆ ನನ್ನ ಮಾನ ಹೋಗುತ್ತಿತ್ತು, ಆದರೆ ಅವರು ಆಡಲಿಲ್ಲ.

ನಾನು ಮತ್ತೆ ಎದ್ದೆ. ಟಾಂಕಿ, ಸೌಟು, ಫ್ರಿಜ್ಜು, ರಿಪೇರಿಯವನು, ದೇವಕಿಯ ಜ್ವರ, ಎಲ್ಲವನ್ನೂ ಹೇಳಿದೆ. ನಗು ನಿಲ್ಲಲು ಹೊತ್ತು ಹಿಡಿಯಿತು. ಟೀಚರು ಉಳಿದರು. ಮೊಯ್ದು ಹೊರಗೆ ಬಂದು, "ಐತಪ್ಪಣ್ಣ, ಇಷ್ಟು ವರ್ಷದಲ್ಲಿ ನೀವು ಹೇಳಿದ್ದರಲ್ಲಿ ನಾನು ನಂಬಿದ್ದು ಇದೊಂದೇ" ಎಂದ. ಹರ್ಷಿತಾ ನನ್ನೊಡನೆ ಮತ್ತೆ ಮಾತು ಶುರು ಮಾಡಿದಳು.

ಈಗ ನಮ್ಮೂರಲ್ಲಿ ಯಾರಿಗೆ ಜ್ವರ ಬಂದರೂ ಜನ ಮೊದಲು ನನ್ನ ಮುಖ ನೋಡುತ್ತಾರೆ. ನಾನು ಬೇಸರಿಸುವುದಿಲ್ಲ, ರೋಗಿಯನ್ನು ವಿಚಾರಿಸಲು ಅವರವರ ಮನೆಗೆ ಹೋಗುತ್ತೇನೆ. ಮನೆಯವರು ಚಾ ಮಾಡಲು ಆಚೆ ತಿರುಗಿದ ಕೂಡಲೇ, ಮೊಣಕಾಲು ನೋವಿದ್ದರೂ, ಮೆಲ್ಲಗೆ ಬಗ್ಗಿ ಅವರ ಫ್ರಿಜ್ಜಿನ ಹಿಂದೆ ಒಮ್ಮೆ ನೋಡುತ್ತೇನೆ.