ಮುಯ್ಯಾಳಿನ ವೈರು

ಶ್ರಾವಣದ ಜಿಟಿಜಿಟಿ ಮಳೆ ಮುಗದ ಊರಿನ ಕೆರೆಯ ಮೇಲೆ ಮಂಜಿನ ಹಾಗೆ ತೂಗುತ್ತಿತ್ತು. ಭತ್ತದ ಗದ್ದೆಗಳಲ್ಲಿ ಕಳೆ ಕೀಳುವ ಕೆಲಸ ನಡೆದಿತ್ತು. ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಗ್ಗಿದ ಹೆಂಗಸರು ದೂರದಿಂದ ಕೊಕ್ಕರೆಗಳ ಹಿಂಡಿನಂತೆ ಕಾಣುತ್ತಿದ್ದರು.

ಸಿದ್ಧಾರೂಢ ಮಾತ್ರ ಮನೆಯ ಕಟ್ಟೆಯ ಮೇಲೆ ಸೊಂಟ ಹಿಡಿದುಕೊಂಡು ಕುಳಿತಿದ್ದ. ಸೊಂಟಕ್ಕೆ ಏನೂ ಆಗಿರಲಿಲ್ಲ, ಆದೀತೆಂಬ ಭಯವಿತ್ತು. ಅಂದು ಅವನು ಎದುರುಮನೆಯ ಮದೀನಾಬಿಯ ಗದ್ದೆಗೆ ಮುಯ್ಯಾಳು ಹೋಗಬೇಕಿತ್ತು. ಇಂದು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಕೂಲಿಯ ಮಾತಿಲ್ಲ, ಗದ್ದೆಯವರು ಬುತ್ತಿ ಕೊಟ್ಟರಾಯಿತು. ಮುದುಕಿಯಾದರೂ ಮದೀನಾಬಿಯದು ಮೂರು ಆಳಿನ ಕೈ. ಅವಳು ನಾಳೆ ಬಾರದಿದ್ದರೆ ಸಿದ್ಧಾರೂಢನ ಗದ್ದೆಯಲ್ಲಿ ಭತ್ತವನ್ನು ಕಳೆ ನುಂಗುವುದು ಖಂಡಿತ. ಹೆಂಡತಿ ಗೀತಾಂಜಲಿಗೆ ಅಂಗನವಾಡಿಯ ಕೆಲಸ, ಅವಳು ಬರುವಂತಿರಲಿಲ್ಲ.

ಮದೀನಾಬಿಯ ಮಗ ಲಾಲಸಾಬ ಟ್ರ್ಯಾಕ್ಟರ್ ರಿಪೇರಿಯವನು. ಅವನ ಮನೆಯಲ್ಲೂ ಸಿದ್ಧಾರೂಢನ ಮನೆಯಲ್ಲೂ ಒಂದೊಂದು ಹಳೆಯ ಕಂಪ್ಯೂಟರ್, ಎರಡರಲ್ಲೂ ಒಂದೇ ಬೇಸಾಯದ ಆಟ. ಆ ಆಟದ ಹೊಲದಲ್ಲಿ ಕೆಸರಿಲ್ಲ, ಜಿಗಣೆಯಿಲ್ಲ. ಇಬ್ಬರೂ ಒಂದೇ ಹೊಲದಲ್ಲಿ ಕೂಡಿ ಆಡಬೇಕೆಂಬುದು ಲಾಲಸಾಬನ ಬಹುದಿನದ ಕನಸು.

"ಯವ್ವಾ," ಎಂದ ಸಿದ್ಧಾರೂಢ, ಕಳೆ ಕೀಳುವ ಕುರ್ಪಿ ಹಿಡಿದು ಹೊರಟ ಮದೀನಾಬಿಗೆ. "ಸೊಂಟ ಬಗ್ಗವಲ್ದು. ಇವತ್ತ ನಿಮ್ಮ ಮನಿಗೂ ನಮ್ಮ ಮನಿಗೂ ವೈರ್ ಎಳದು, ನಿಮ್ಮ ಲಾಲಸಾಬನ ಹೊಲದಾಗ ಕಂಪ್ಯೂಟರ್‌ನ್ಯಾಗನ ಕಸಾ ತಗೀತೇನಿ. ಅದನ್ನ ಮುಯ್ಯಿ ಅಂತ ಹಿಡೀರಿ."

"ಅಮ್ಮಾ, ಹೂಂ ಅನ್ನು!" ಒಳಗಿನಿಂದ ಲಾಲಸಾಬ ಕೂಗಿದ.

ಮದೀನಾಬಿ ಮಗನ ಕಡೆಗೊಮ್ಮೆ, ಮುಗಿಲ ಕಡೆಗೊಮ್ಮೆ ನೋಡಿದಳು. "ಸಂಜಿಯೊಳಗ ಮುಗಸಬೇಕ ನೋಡು. ಇಲ್ಲಾಂದ್ರ ನಾಳೆ ನಿನ್ನ ಗದ್ದಿಗೆ ನಾ ಬರಂಗಿಲ್ಲ."

ಲಾಲಸಾಬ ಎಂದೋ ಪೇಟೆಯ ಅಂಗಡಿಯಿಂದ ತಂದಿಟ್ಟಿದ್ದ ನೀಲಿ ವೈರನ್ನು ಓಣಿಯ ಆಚೆಗೆ ದಾಟಿಸಿ, ನಡುವೆ ನುಗ್ಗೆಗಿಡಕ್ಕೆ ಒಂದು ಸುತ್ತು ಹಾಕಿದ್ದಾಯಿತು. ಮಳೆಹನಿಗಳು ಅದರ ಮೇಲೆ ಮುತ್ತಿನಂತೆ ಸಾಲಾಗಿ ಕುಳಿತವು. ಅಷ್ಟರಲ್ಲಿ ಮಳೆ ತುಸು ಹೊಳವಾಯಿತು. ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಪಕ್ಕದ ಮನೆಯ ಹನುಮವ್ವ ವೈರಿನ ಮೇಲೆ ಒದ್ದೆ ಕೌದಿ ಒಣಹಾಕಿದ್ದಳು. ಟೊಂಗೆ ಲಟಕ್ಕನೆ ಮುರಿದು ಕೌದಿ, ವೈರು, ನುಗ್ಗೆಕಾಯಿ ಎಲ್ಲವೂ ಕೆಸರಿಗೆ ಬಿದ್ದವು.

"ಏ ಅವ್ವಾ, ಇದು ವೈರ್!" ಎಂದು ಸಿದ್ಧಾರೂಢ ಕೂಗಿದ.

"ಹಗ್ಗ ಅನಕೊಂಡ್ನೋ ಯಪ್ಪಾ! ಇಷ್ಟ ಛಂದ ನೀಲಿ ಬಣ್ಣದ್ದ ಕಟ್ಟಿದ್ರ ಯಾರಿಗಾದ್ರೂ ಕೌದಿ ನೆನಪಾಗೂದ ಬಿಡು," ಎಂದು ಹನುಮವ್ವ ನುಗ್ಗೆಕಾಯಿಗಳನ್ನು ಆರಿಸಿ ಉಡಿಗೆ ಹಾಕಿಕೊಂಡಳು.

ಮತ್ತೆ ಕಟ್ಟಿದರು. ಒಂದನ್ನೊಂದು ಗುರುತಿಸಲೆಂದು ಎರಡೂ ಕಂಪ್ಯೂಟರುಗಳಿಗೆ ಮನೆನಂಬರಿನಂತೆ ನಂಬರು ಕೊಟ್ಟರು. ಲಾಲಸಾಬ ತನ್ನ ಕಿಟಕಿಯಿಂದ ಕೂಗಿದ:

"ಬಂದಿಯೇನಲೇ ದೋಸ್ತಾ?"

"ಇಲ್ಲೋ! ನೀ ಎಲ್ಲಿದ್ದಿ?"

"ಇಲ್ಲೇ ಅದೇನಿ!"

"ಕಿಟಕ್ಯಾಗ ಕಾಣಸ್ತೀಲೇ, ಹೊಲದಾಗ ಇಲ್ಲ!"

ಎರಡಕ್ಕೂ ಒಂದೇ ನಂಬರು ಕೊಟ್ಟಿದ್ದು ತಿಳಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಲಾಲಸಾಬನ ಹೆಂಡತಿ ತಸ್ಲೀಮಾ ರೊಟ್ಟಿ, ಝುಣಕ ತಂದಿಟ್ಟು, "ತಗೋರಿ ಅಣ್ಣಾ, ಮುಯ್ಯಾಳಿನ ಬುತ್ತಿ," ಎಂದು ನಕ್ಕಳು. ಸಿದ್ಧಾರೂಢ ಒಂದು ಚೂರೂ ಬಿಡಲಿಲ್ಲ.

ನಂಬರು ಬದಲಿಸಿದ ಮೇಲೆ ಸಿದ್ಧಾರೂಢನ ಕಂಪ್ಯೂಟರ್ ಒಂದು ಪ್ರಶ್ನೆ ಕೇಳಿತು: ಹೊರಗಿನವರಿಗೆ ಒಪ್ಪಿಗೆ ಕೊಡಲೇ? ಸಾಲ ಬೇಕೇ ಎಂದು ಕೇಳುವ ಫೋನುಗಳನ್ನು ಕತ್ತರಿಸಿ ಪಳಗಿದ ಕೈ ತಾನಾಗಿ 'ಬೇಡ' ಒತ್ತಿತು. ಅದನ್ನು ಹುಡುಕಿ ತಿದ್ದಲು ಮತ್ತೊಂದು ತಾಸು. "ವೈರಿಗೊಂದ ಲಿಂಬಿಹಣ್ಣರ ಕಟ್ಟಬಾರದ?" ಎಂದು ಹನುಮವ್ವ ಹೊಸ್ತಿಲಲ್ಲಿ ಕುಳಿತು ಸಲಹೆ ಕೊಟ್ಟಳು.

ಆಮೇಲೆ, ಇದ್ದಕ್ಕಿದ್ದಂತೆ, ಪರದೆಯ ಮೇಲೆ ಎಳೆಬಿಸಿಲಿನ ಹೊಲವೊಂದು ತೆರೆದುಕೊಂಡಿತು. ಅಂಚಿನಲ್ಲಿ ಲಾಲಸಾಬನ ಕೆಂಪು ಟ್ರ್ಯಾಕ್ಟರ್ ನಿಂತಿತ್ತು. ಸಿದ್ಧಾರೂಢ ತನ್ನ ನೀಲಿ ಯಂತ್ರ ಏರಿ ಕಳೆ ತೆಗೆಯುತ್ತ ಸಾಗಿದ. ಹೊರಗೆ ಮಳೆ ಸುರಿಯುತ್ತಿತ್ತು, ಒಳಗೆ ಬಿಸಿಲು. ಸಾಲು ಮುಗಿದರೆ ಸಾಲು. ಹೊಲಕ್ಕೆ ಕೊನೆಯಿರಲಿಲ್ಲ, ಸೊಂಟಕ್ಕೆ ನೋವಿರಲಿಲ್ಲ. ತಾನು ಕುಳಿತದ್ದು ಕುರ್ಚಿಯ ಮೇಲೋ ಗಾಳಿಯ ಮೇಲೋ ಎಂಬುದೂ ಅವನಿಗೆ ಮರೆತುಹೋಯಿತು.

ಮುಸ್ಸಂಜೆಗೆ ಮದೀನಾಬಿ ಮೊಳಕಾಲಿನತನಕ ಕೆಸರು ಮೆತ್ತಿಕೊಂಡು ಬಂದು ಸಿದ್ಧಾರೂಢನ ಪರದೆಯ ಮುಂದೆ ನಿಂತಳು.

"ಇದು ನನ್ನ ಮಗನ ಹೊಲ?"

"ಹೌದ್ರಿ ಯವ್ವಾ. ಒಂದ ಕಡ್ಡಿ ಕಸಾ ಉಳಿಸಿಲ್ಲ."

"ಇದೂ ಕೆಲಸಾನ ಅಂತೀ?"

"ಮತ್ತೇನ್ರಿ! ಇಲ್ಲಿ ಮಾಡಿದ್ರೇನು, ಅಲ್ಲಿ ಮಾಡಿದ್ರೇನು? ಕೆಲಸ ಕೆಲಸಾನ. ಹನುಮವ್ವನ್ನ ಕೇಳ್ರಿ, ನೋಡ್ಯಾಳ."

"ಬೆವರೂ ಬಂದಿತ್ತು ಬಿಡ ಅವಗ," ಎಂದಳು ಹನುಮವ್ವ.

"ಆತು. ನಿನ್ನ ಮುಯ್ಯಿ ಮುಟ್ಟಿತು," ಎಂದು ಮದೀನಾಬಿ ಕಾಲು ತೊಳೆಯಲು ಹೋದಳು.

ಮರುದಿನ ಆಕಾಶ ತೊಳೆದಿಟ್ಟಂತಿತ್ತು. ಸಿದ್ಧಾರೂಢ ಗೀತಾಂಜಲಿ ಕಟ್ಟಿಕೊಟ್ಟ ಬುತ್ತಿ ಹಿಡಿದು ಗದ್ದೆಯ ಬದುವಿನ ಮೇಲೆ ಕಾದ. ಕಳೆ ಗಾಳಿಗೆ ತಲೆದೂಗುತ್ತಿತ್ತು. ಹೊತ್ತು ನೆತ್ತಿಗೇರಿದರೂ ಮದೀನಾಬಿಯ ಸುಳಿವಿಲ್ಲ. ಕೊನೆಗೆ ಬುತ್ತಿಯೊಂದಿಗೆ ಎದ್ದು ಅವಳ ಮನೆಗೇ ಹೋದ.

ಮದೀನಾಬಿ ಕಂಪ್ಯೂಟರಿನ ಮುಂದೆ ಚಷ್ಮಾ ಹಾಕಿಕೊಂಡು ಕುಳಿತಿದ್ದಳು. ಮೌಸನ್ನು ಕೋಳಿಮರಿಯಂತೆ ಮೆಲ್ಲಗೆ ಹಿಡಿದಿದ್ದಳು. ಪಕ್ಕದಲ್ಲಿ ನಿಂತು ದಾರಿ ತೋರಿಸುತ್ತಿದ್ದ ಲಾಲಸಾಬ ಗೆಳೆಯನ ಮುಖ ನೋಡಲಾರದೆ ಛಾವಣಿ ನೋಡತೊಡಗಿದ.

"ಯವ್ವಾ, ಗದ್ದಿಗೆ ಬರಲಿಲ್ಲಲ್ರಿ?"

"ನಿನ್ನ ಹೊಲದಾಗನ ಅದೇನಿ ತಮ್ಮಾ, ಬೆಳಿಗ್ಗಿಂದ. ಮುಂಜಾನೆ ನೀ ಹೋದಮ್ಯಾಲೆ ಗೀತಾಂಜಲಿ ನಿನ್ನ ಕಂಪ್ಯೂಟರ್ ಹಚ್ಚಿ ಕೊಟ್ಟಾಳ," ಎಂದಳು ಮದೀನಾಬಿ ಪರದೆಯಿಂದ ಕಣ್ಣು ಕೀಳದೆ. "ಇನ್ನ ಎರಡ ಸಾಲ ಉಳದಾವು. ವೈರ್ ಬಿಚ್ಚಬ್ಯಾಡ."

ಸಿದ್ಧಾರೂಢ ಗೋಡೆಯ ಮೂಲೆಯಲ್ಲಿದ್ದ ಕುರ್ಪಿ ಎತ್ತಿಕೊಂಡು ಗದ್ದೆಗೆ ಹೊರಟ.

"ಏ ತಮ್ಮಾ," ಹಿಂದಿನಿಂದ ಕರೆದಳು ಮದೀನಾಬಿ. "ಬುತ್ತಿ ಇಲ್ಲೇ ಇಟ್ಟ ಹೋಗು. ಅದನ್ನಷ್ಟ ಇದರಾಗ ತಿನ್ನಾಕ ಬರಂಗಿಲ್ಲ."