ನನ್ನ ಕಂಬಳಿಯೊಳಗೆ ಯಾರು?

ಅನುಮಾನ ಕೆಟ್ಟದ್ದೆಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವುದರಿಂದ ಅವರಿಗೇನು ಲಾಭವಿರಬಹುದು ಎಂದು ನಾನು ಯೋಚಿಸುತ್ತೇನೆ. ತರಕಾರಿಯವಳು ಕೇಳದೆಯೇ ಕೊತ್ತಂಬರಿ ಕೊಸರು ಹಾಕಿದರೆ, ತೂಗಿದ ಬದನೆಕಾಯಿಗಳನ್ನು ಮತ್ತೊಮ್ಮೆ ತಿರುಗಿಸಿ ನೋಡುವವನು ನಾನು. ಇಂಥವನಿಗೆ ಎಪ್ಪತ್ತರ ದಶಕದಲ್ಲಿ ದೇವದುರ್ಗದ ಶಾಲೆಯಲ್ಲಿ ಕೆಲಸ, ಮಾನ್ವಿಯಲ್ಲಿ ಸಂಸಾರ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರುತ್ತಿದ್ದೆ.

ಆ ಚಳಿಗಾಲದಲ್ಲಿ ನನ್ನ ಹೆಂಡತಿ ಶಂಕ್ರಮ್ಮ ಇದ್ದಕ್ಕಿದ್ದಂತೆ, "ಇನ್ನ ಸಂಜಿ ಬಸ್ಸಿಗೇ ಬರ್ರಿ, ಅವಸರ ಮಾಡಬ್ಯಾಡ್ರಿ," ಎಂದಳು. ಗಂಡ ತಡವಾಗಿ ಬರಲಿ ಎನ್ನುವ ಹೆಂಡತಿಯನ್ನು ನಾನು ಕಂಡಿರಲಿಲ್ಲ. ಡಬ್ಬಿಯ ಗೋಧಿ ಹಿಟ್ಟು ಬೇರೆ ಬೇಗ ತಳ ಕಾಣುತ್ತಿತ್ತು. ಜೋಳದ ರೊಟ್ಟಿ ತಿನ್ನುವ ನಮ್ಮ ಮನೆಯಲ್ಲಿ ಇಷ್ಟು ಗೋಧಿ ಯಾರಿಗೆ? ನನ್ನ ಕಂಬಳಿಗೆ ಎಂಥದೋ ಹುಳಿ ವಾಸನೆ. ಶಂಕ್ರಮ್ಮನ ಜೊತೆ ಗುಸುಗುಸು ಮಾತಾಡುತ್ತಿದ್ದ ಪಕ್ಕದ ಮನೆಯ ರಜಿಯಾಬಿ ನನ್ನನ್ನು ಕಂಡ ಕೂಡಲೇ, "ಬರ್ತೀನ್ರಿ ಮಾಸ್ತರ್ರೇ," ಎಂದು ಹೊರಟುಬಿಡುತ್ತಿದ್ದರು.

ನನಗೆ ಹೊಳೆದದ್ದು ಒಂದೇ ಹೆಸರು. ಕುರ್ಡಿಯ ಭೀಮಣ್ಣ, ನನ್ನ ಹೆಂಡತಿಯ ತಮ್ಮ. ನಾಲ್ಕು ದಿನಕ್ಕೆಂದು ಬಂದು ಮಳೆಗಾಲವಿಡೀ ನಮ್ಮಲ್ಲಿ ಮಲಗಿದ್ದವನು. "ಅಂವ ಮತ್ತ ಈ ಮನಿಗಿ ಬಂದ್ರ ನಾ ಬರಂಗಿಲ್ಲ," ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದ್ದೆ. ಈಗ ಅವನು ಒಳಗಿದ್ದರೆ ನಾನು ಸ್ವಂತ ಮನೆಯ ಹೊಸಿಲಿನಿಂದಲೇ ವಾಪಸು ಹೋಗಬೇಕು. ಭಾನುವಾರವನ್ನೂ ದೇವದುರ್ಗದ ಬಾಡಿಗೆ ಕೋಣೆಯಲ್ಲೇ ಕಳೆಯಬೇಕು.

ಒಂದು ಶನಿವಾರ ಹೇಳದೆ ಕೇಳದೆ ಮಧ್ಯಾಹ್ನದ ಬಸ್ಸಿಗೇ ಬಂದೆ. ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಹೋದರೆ ನನ್ನ ಹಾಸಿಗೆಯ ಮೇಲೆ, ನನ್ನದೇ ಕಂಬಳಿ ಹೊದ್ದು, ಯಾರೋ ಮುದುಡಿ ಮಲಗಿದ್ದಾರೆ! "ಏಳಲೇ, ಮೈಗಳ್ಳಾ!" ಎಂದು ಬೆನ್ನೆಂದುಕೊಂಡ ಕಡೆ ಗುದ್ದಿದೆ. ಕೈ ಮೆತ್ತಗೆ ಒಳಗಿಳಿಯಿತು. ಭೀಮಣ್ಣ ಎಷ್ಟೇ ಕೊಬ್ಬಿದ್ದರೂ ಇಷ್ಟು ಮೆತ್ತಗಿರಲಿಲ್ಲ. ಕಂಬಳಿ ಸರಿಸಿದರೆ, ಎರಡು ದಿಂಬುಗಳ ನಡುವೆ ದೊಡ್ಡ ಬೋಗುಣಿ, ಅದರ ತುಂಬ ಹಿಟ್ಟು.

"ಯಾರಿಗ್ರಿ ಏಳಂದಿದ್ದು?" ಬಾಗಿಲಲ್ಲಿ ಶಂಕ್ರಮ್ಮ.

"ಹಿಟ್ಟಿಗೆ," ಎಂದೆ.

"ಅದು ಎದ್ದೇ ಇತ್ತು. ನೀವ ಮಲಗಿಸಿದ್ರಿ."

ರಾಯಚೂರಿನಲ್ಲಿ ಎಂದೋ ತಿಂದ ಖಮೀರಿ ರೊಟ್ಟಿಯನ್ನು ನಾನು ಊಟಕ್ಕೆ ಕೂತಾಗಲೆಲ್ಲ ಹೊಗಳುತ್ತಿದ್ದೆನಂತೆ. ಅದಕ್ಕೇ ರಜಿಯಾಬಿಯಿಂದ ಖಮೀರು, ಅಂದರೆ ಹಳೆಯ ಹುಳಿಹಿಟ್ಟಿನ ಉಂಡೆ, ತಂದು ಕಲಿಯುತ್ತಿದ್ದಳು. ಶುಕ್ರವಾರ ದೀಪ ಹಚ್ಚುವ ಮುಂಚೆ ಕಲಸಬೇಕು. ಶನಿವಾರ ನಳದ ನೀರು ಹಿಡಿದ ಮೇಲೆ ನಾದಬೇಕು. ಬಟ್ಟೆ ಒಗೆದು, ಮಕ್ಕಳಿಗೆ ಉಣ್ಣಲು ಹಾಕುವಷ್ಟರಲ್ಲಿ ಅದು ಉಬ್ಬಬೇಕು. ಚಳಿಗೆ ಉಬ್ಬದೆ ಹೋದದ್ದರಿಂದ ಕಂಬಳಿಯ ಉಪಚಾರ. ನಾನು ಸಂಜೆ ಬಸ್ಸಿಳಿದು ಬರುವಷ್ಟರಲ್ಲಿ ರೊಟ್ಟಿ ಹಂಚಿನ ಮೇಲಿರಬೇಕು. "ಕೆಟ್ಟಿದ್ದೆಲ್ಲಾ ರಜಿಯಾಬಿ ಮನಿ ಆಡು-ಮರಿಗಿ ತಿನಸೀನಿ. ಇವತ್ತ ಹದಕ್ಕ ಬಂದಿತ್ತು," ಎನ್ನುವಾಗ ಅವಳ ದನಿ ಒಡೆಯಿತು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು.

ಗದ್ದಲ ಕೇಳಿ ಬಂದ ರಜಿಯಾಬಿ ಹಿಟ್ಟನ್ನು ಒತ್ತಿ ನೋಡಿ ನಕ್ಕರು. "ಗುದ್ದಿದ್ದು ಛಲೋ ಆತು ಬಿಡ್ರಿ. ಹೆಂಗಿದ್ರೂ ಗಾಳಿ ತಗೀಬೇಕಿತ್ತು."

ಸಂಜೆಯ ರೊಟ್ಟಿ ಹತ್ತಿಯಂತೆ ಮೃದುವಾಗಿತ್ತು. ಹೊಟ್ಟೆ ತುಂಬಿದಂತೆ ಮನಸ್ಸೂ ದೊಡ್ಡದಾಯಿತು. ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ: "ನಾಳಿಗಿ ಭೀಮಣ್ಣಗೂ ಹೇಳಿ ಕಳಸು."

ಶಂಕ್ರಮ್ಮ ರೊಟ್ಟಿ ಬಡಿಸುವ ಕೈ ತಡೆದು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕ್ರೀ? ಗುದ್ದಾಕೇನು?"